ಸರ್ವರ್‌ನ ಕರ್ನಲ್: ಬದಲಿಸುವುದು ಏಕೆ, ಯಾವಾಗ

ಲಿನಕ್ಸ್ ಸರ್ವರ್‌ನಲ್ಲಿ ಓಡುವ ಯಾವ ಪ್ರೋಗ್ರಾಂ ಆದರೂ ಡಿಸ್ಕಿನಿಂದ ಓದಲು, ನೆಟ್‌ವರ್ಕಿಗೆ ಕಳಿಸಲು, ಮೆಮೊರಿ ಪಡೆಯಲು ಕರ್ನಲ್ ಅನ್ನೇ ಕೇಳಬೇಕು. ಯಾರಿಗೆ ಯಾವ ಫೈಲ್ ತೆರೆಯುವ ಹಕ್ಕಿದೆ, ಯಾವ ಪ್ರೊಸೆಸ್ ಎಷ್ಟು ಹೊತ್ತು ಓಡಬೇಕು ಎಂಬ ತೀರ್ಮಾನವೂ ಅದರದೇ. ವೆಬ್ ಸರ್ವರ್, ಮೇಲ್ ಸರ್ವರ್, ಡೇಟಾಬೇಸ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ಹೊಸ ಆವೃತ್ತಿ ಹಾಕಿ, ಮತ್ತೆ ಎಬ್ಬಿಸಬಹುದು. ಕರ್ನಲ್ ಬದಲಿಸಬೇಕಾದರೆ ಮಾತ್ರ ಸಾಮಾನ್ಯವಾಗಿ ಇಡೀ ಯಂತ್ರವನ್ನೇ ರೀಬೂಟ್ ಮಾಡಬೇಕಾಗುತ್ತದೆ. ಹೀಗಾಗಿ ಉಳಿದೆಲ್ಲ ಅಪ್‌ಡೇಟ್‌ಗಳನ್ನು ತಪ್ಪದೆ ಹಾಕುವ ಕಡೆಯೂ ಕರ್ನಲ್ ಒಂದು ಹಿಂದೆ ಬೀಳುತ್ತದೆ. ಅದನ್ನು ಬದಲಿಸಲು ಇರುವ ಕಾರಣಗಳು ಹಲವು. ಎಲ್ಲದರ ತೂಕ ಒಂದೇ ಅಲ್ಲ. ಕೆಲವು ಈ ವಾರವೇ ಕೆಲಸ ಮುಗಿಯಬೇಕೆನ್ನುತ್ತವೆ, ಕೆಲವಕ್ಕೆ ಒಂದೆರಡು ವರ್ಷ ಕಾದರೂ ನಡೆಯುತ್ತದೆ. ಇನ್ನು ಕೆಲವು ಕಾರಣಗಳು ಕೇಳಲು ಚೆನ್ನಾಗಿದ್ದರೂ ಒಂದು ನಿರ್ದಿಷ್ಟ ಸರ್ವರ್‌ನ ಮಟ್ಟಿಗೆ ಕಾರಣಗಳೇ ಅಲ್ಲ.

ಕರ್ನಲ್ ಹೇಗೆ ಹೊರಬರುತ್ತದೆ ಎಂಬುದನ್ನು ಮೊದಲು ನೋಡಬೇಕು. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ಕರ್ನಲ್‌ನ ಹೊಸ ಆವೃತ್ತಿ ಈಗ ಒಂಬತ್ತು ಹತ್ತು ವಾರಕ್ಕೊಮ್ಮೆ ಬಿಡುಗಡೆಯಾಗುತ್ತದೆ. ಮೊದಲ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುವ ಅವಧಿ. ಆಮೇಲೆ ವಾರಕ್ಕೊಂದರಂತೆ ಏಳೆಂಟು ಪರೀಕ್ಷಾ ಆವೃತ್ತಿಗಳು ಬಂದು, ಕೊನೆಗೆ ಪಕ್ಕಾ ಆವೃತ್ತಿ. ವರ್ಷಕ್ಕೊಂದನ್ನು ಆರಿಸಿ ಹಲವು ವರ್ಷ ದುರಸ್ತಿ ಮಾಡುತ್ತ ಉಳಿಸಿಕೊಳ್ಳುವ ಪದ್ಧತಿಯೂ ಇದೆ; 5.10, 5.15, 6.1, 6.6, 6.12 ಅಂಥ ದೀರ್ಘಾವಧಿಯ ಸರಣಿಗಳು. ಆದರೆ ಸರ್ವರ್‌ಗಳಲ್ಲಿ ಹೆಚ್ಚಾಗಿ ಓಡುವುದು ಡಿಸ್ಟ್ರಿಬ್ಯೂಷನ್‌ಗಳು ಕೊಡುವ ಕರ್ನಲ್. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲಿ ಇದ್ದದ್ದು 3.10, 8ರಲ್ಲಿ 4.18, 9ರಲ್ಲಿ 5.14. ಡೆಬಿಯನ್ 12ರಲ್ಲಿ 6.1, ಉಬುಂಟು 24.04ರಲ್ಲಿ 6.8. ಈ ಸಂಖ್ಯೆಗಳು ಆ ಡಿಸ್ಟ್ರಿಬ್ಯೂಷನ್‌ನ ಆಯುಷ್ಯದುದ್ದಕ್ಕೂ ಬಹುಮಟ್ಟಿಗೆ ಹಾಗೇ ಉಳಿಯುತ್ತವೆ. ಮುಂದಿನ ಆವೃತ್ತಿಗಳಲ್ಲಿ ಆದ ದುರಸ್ತಿಗಳನ್ನು ಹೆಕ್ಕಿ ತಂದು ಹಳೆಯದಕ್ಕೆ ಹೊಲಿಯುವ ಕೆಲಸವನ್ನು, ಅಂದರೆ ಬ್ಯಾಕ್‌ಪೋರ್ಟ್ ಅನ್ನು, ಆ ಸಂಸ್ಥೆಗಳ ಎಂಜಿನಿಯರುಗಳು ಮಾಡುತ್ತಿರುತ್ತಾರೆ. 4.18 ಎಂಬ ಸಂಖ್ಯೆ 2018ರದಾದರೂ, ಅದರೊಳಗೆ ಕಳೆದ ತಿಂಗಳ ದುರಸ್ತಿ ಇರಬಹುದು.

ಇದರಿಂದ ಎರಡು ಬೇರೆ ಬೇರೆ ಕೆಲಸಗಳು ಒಂದೇ ಹೆಸರಿನಲ್ಲಿ ನಡೆಯುತ್ತವೆ. ಒಂದು, ಇರುವ ಸರಣಿಯಲ್ಲೇ ಇದ್ದು ದುರಸ್ತಿಗಳನ್ನಷ್ಟೇ ಪಡೆಯುವುದು. ಇನ್ನೊಂದು, 4.18ರಿಂದ 5.14ಕ್ಕೋ 5.15ರಿಂದ 6.8ಕ್ಕೋ ಸರಣಿಯನ್ನೇ ಬದಲಿಸುವುದು. ಮೊದಲನೆಯದು ಅಪಾಯ ಕಡಿಮೆ ಇರುವ, ಪದೇ ಪದೇ ಮಾಡಬೇಕಾದ ಕೆಲಸ. ಎರಡನೆಯದಕ್ಕೆ ತಯಾರಿ ಬೇಕು. ಕರ್ನಲ್ ಅಪ್‌ಗ್ರೇಡ್ ಮಾಡಬೇಕೇ ಬೇಡವೇ ಎಂಬ ಚರ್ಚೆಗಳು ಕಗ್ಗಂಟಾಗುವುದು ಈ ಎರಡನ್ನು ಒಟ್ಟಿಗೆ ಕಲಸಿದಾಗ. ಭದ್ರತೆ, ಡೇಟಾದ ಸುರಕ್ಷತೆ ಮೊದಲನೆಯದನ್ನು ಕಡ್ಡಾಯ ಮಾಡುತ್ತವೆ. ಹಾರ್ಡ್‌ವೇರ್, ವೇಗ, ಹೊಸ ಸೌಲಭ್ಯಗಳು ಎರಡನೆಯದರ ಕಡೆ ವಾದಿಸುತ್ತವೆ.

ಭದ್ರತೆಯೇ ಎಲ್ಲಕ್ಕಿಂತ ದೊಡ್ಡ ಕಾರಣ. ಬೇರೆ ಪ್ರೋಗ್ರಾಂನಲ್ಲಿ ಲೋಪವಿದ್ದರೆ ದಾಳಿಕೋರನಿಗೆ ಸಿಗುವುದು ಆ ಪ್ರೋಗ್ರಾಂನ ಹಕ್ಕುಗಳಷ್ಟೇ. ಕರ್ನಲ್‌ನಲ್ಲಿ ಲೋಪವಿದ್ದರೆ ಹಕ್ಕುಗಳನ್ನು ಕಾಯುವವನೇ ಕೈಕೊಟ್ಟಂತೆ. ನಮ್ಮ ಸರ್ವರ್‌ಗೆ ಹೊರಗಿನವರು ಲಾಗಿನ್ ಆಗುವುದೇ ಇಲ್ಲ, ಹೀಗಾಗಿ ಯಂತ್ರದೊಳಗಿಂದಲೇ ಬಳಸಬೇಕಾದ ಲೋಪಗಳ ಚಿಂತೆ ಬೇಡ ಎಂಬ ಸಮಾಧಾನ ಹಲವು ಕಚೇರಿಗಳಲ್ಲಿ ಕೇಳಿಬರುತ್ತದೆ. ಅದು ನಿಲ್ಲುವ ಮಾತಲ್ಲ. ಹಳೆಯ ಪಿಎಚ್‌ಪಿ ಪ್ಲಗಿನ್ ಒಂದರ ತೂತಿನ ಮೂಲಕ ಒಳಬಂದವನು ವೆಬ್ ಸರ್ವರ್‌ನ ಸಾಮಾನ್ಯ ಬಳಕೆದಾರನಾಗಿ ಕೂತಿರುತ್ತಾನೆ. ಅಲ್ಲಿಂದ ರೂಟ್, ಅಂದರೆ ಎಲ್ಲ ಹಕ್ಕುಗಳಿರುವ ಬಳಕೆದಾರ, ಆಗಲು ಅವನಿಗೆ ಬೇಕಾದ ಏಣಿ ಕರ್ನಲ್‌ನ ಲೋಪವೇ. ಕಂಟೇನರ್‌ಗಳಿದ್ದಲ್ಲಿ ಇದು ಇನ್ನೂ ಗಂಭೀರ, ಏಕೆಂದರೆ ಒಂದು ಯಂತ್ರದ ಕಂಟೇನರ್‌ಗಳೆಲ್ಲ ಹಂಚಿಕೊಳ್ಳುವುದು ಒಂದೇ ಕರ್ನಲ್ ಅನ್ನು.

2022ರಲ್ಲಿ ಬೆಳಕಿಗೆ ಬಂದ ‘ಡರ್ಟಿ ಪೈಪ್’ ಲೋಪವನ್ನು ಹತ್ತಿರದಿಂದ ನೋಡಿದರೆ ಕರ್ನಲ್‌ನ ಸಣ್ಣ ತಪ್ಪು ಎಷ್ಟು ದೂರ ಹೋಗುತ್ತದೆಂಬುದು ಗೊತ್ತಾಗುತ್ತದೆ. ಜರ್ಮನಿಯ ವೆಬ್ ಹೋಸ್ಟಿಂಗ್ ಸಂಸ್ಥೆಯೊಂದರಲ್ಲಿ ಗ್ರಾಹಕರು ತಮ್ಮ ಜಾಲತಾಣದ ಲಾಗ್ ಫೈಲ್‌ಗಳನ್ನು ಡೌನ್‌ಲೋಡ್ ಮಾಡಿಕೊಂಡಾಗ ಅವು ಬಿಚ್ಚಿಕೊಳ್ಳುತ್ತಿರಲಿಲ್ಲ. ದಿನಕ್ಕೊಂದರಂತೆ ಜಿಜಿಪ್ ಮಾಡಿಟ್ಟ ಫೈಲ್‌ಗಳವು. ಮೊದಲ ದೂರು ಬಂದದ್ದು 2021ರಲ್ಲಿ. ಫೈಲ್ ಸರಿಪಡಿಸಿ ದೂರು ಮುಗಿಸಿದರು. ತಿಂಗಳುಗಳ ಮೇಲೆ ಅದೇ ದೂರು ಮತ್ತೆ ಮತ್ತೆ ಬಂತು. ಅಲ್ಲಿನ ಎಂಜಿನಿಯರ್ ಮ್ಯಾಕ್ಸ್ ಕೆಲ್ಲರ್‌ಮನ್ ಪಟ್ಟುಹಿಡಿದು ನೋಡಿದಾಗ, ಕೆಟ್ಟ ಫೈಲ್‌ಗಳಲ್ಲಿ ಕೊನೆಯ 8 ಬೈಟ್ ಮಾತ್ರ ತಪ್ಪಾಗಿರುವುದು ಕಂಡಿತು. ಹೆಚ್ಚಿನವು ತಿಂಗಳ ಕೊನೆಯ ದಿನದ ಫೈಲ್‌ಗಳು. ಆ 8 ಬೈಟ್‌ಗಳಲ್ಲಿ ಇದ್ದದ್ದು ಜಿಪ್ ಫೈಲ್‌ನ ವಿಷಯಸೂಚಿಯ ಆರಂಭ. ಇಡೀ ತಿಂಗಳ ಲಾಗ್‌ಗಳನ್ನು ಒಂದೇ ಜಿಪ್ ಆಗಿ ಕಳಿಸುವ ಪ್ರೋಗ್ರಾಂ ಬರೆಯುತ್ತಿದ್ದ ಬೈಟ್‌ಗಳವು. ಆದರೆ ಆ ಪ್ರೋಗ್ರಾಂಗೆ ಲಾಗ್ ಫೈಲ್‌ಗಳನ್ನು ಓದುವ ಹಕ್ಕಿತ್ತೇ ಹೊರತು ಬರೆಯುವ ಹಕ್ಕಿರಲಿಲ್ಲ.

ನಡೆದದ್ದು ಇಷ್ಟು. ಫೈಲ್‌ನ ಮಾಹಿತಿಯನ್ನು ನಕಲು ಮಾಡದೆ ನೇರವಾಗಿ, ಪ್ರೊಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ಪೈಪ್‌ಗೆ ಜೋಡಿಸುವ ಸೌಲಭ್ಯ ಕರ್ನಲ್‌ನಲ್ಲಿದೆ. ಹಾಗೆ ಜೋಡಿಸುವಾಗ ಪೈಪ್‌ನ ಬಫರ್‌ನಲ್ಲಿರುವ ಒಂದು ಗುರುತನ್ನು ಅಳಿಸಿ ಹೊಸದಾಗಿ ಬರೆಯಬೇಕಿತ್ತು; ಕೋಡ್ ಅದನ್ನು ಅಳಿಸುತ್ತಿರಲಿಲ್ಲ. ಹಿಂದಿನ ಬಳಕೆಯಿಂದ ‘ಇದಕ್ಕೆ ಮುಂದುವರಿಸಿ ಬರೆಯಬಹುದು’ ಎಂಬ ಗುರುತು ಉಳಿದಿದ್ದರೆ, ಪೈಪ್‌ಗೆ ಆಮೇಲೆ ಬರೆದದ್ದು ಫೈಲ್‌ನದೇ ಮೆಮೊರಿ ಪ್ರತಿಯ ಮೇಲೆ ಹೋಗಿ ಕೂರುತ್ತಿತ್ತು. ಯಾವ ಸಾಮಾನ್ಯ ಬಳಕೆದಾರನಾದರೂ ತನಗೆ ಓದಲು ಮಾತ್ರ ಅನುಮತಿ ಇರುವ ಫೈಲ್‌ಗಳನ್ನು, ಪಾಸ್‌ವರ್ಡ್ ಫೈಲ್ ಸಹಿತ, ಹೀಗೆ ತಿದ್ದಬಹುದಿತ್ತು. ಗುರುತು ಅಳಿಸದ ತಪ್ಪು ಹಳೆಯದು, 4.9ರಿಂದ ನಿರಪಾಯವಾಗಿ ಇದ್ದದ್ದು; 5.8ರಲ್ಲಿ ಮಾಡಿದ ಇನ್ನೊಂದು ಬದಲಾವಣೆ ಅದನ್ನು ಆಯುಧವಾಗಿಸಿತು. 2022ರ ಫೆಬ್ರವರಿಯಲ್ಲಿ ವರದಿಯಾದ ಕೆಲವೇ ದಿನಗಳಲ್ಲಿ 5.16.11, 5.15.25, 5.10.102 ಆವೃತ್ತಿಗಳಲ್ಲಿ ದುರಸ್ತಿ ಬಂತು. ವಿವರಗಳು ಬಹಿರಂಗವಾದದ್ದು ಮಾರ್ಚ್ 7ರಂದು. ಆ ನಡುವಿನ ಎರಡು ವಾರಗಳಲ್ಲಿ ಸುಮ್ಮನೆ ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದವರಿಗೆ ಮಾರ್ಚ್ 7 ಇನ್ನೊಂದು ದಿನವಷ್ಟೇ ಆಗಿತ್ತು.

5.8ಕ್ಕಿಂತ ಹಳೆಯ ಕರ್ನಲ್‌ಗಳಿಗೆ ಈ ಲೋಪ ತಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಹಳೆಯದೇ ಕ್ಷೇಮ ಎನ್ನುವವರು ಇದನ್ನು ಎತ್ತಿ ತೋರಿಸುವುದುಂಟು. ಅದಕ್ಕೆ ಉತ್ತರ ‘ಡರ್ಟಿ ಕೌ’. 2016ರ ಅಕ್ಟೋಬರ್‌ನಲ್ಲಿ ಸರಿಪಡಿಸಿದ ಆ ಲೋಪ 2007ರ 2.6.22ರಿಂದಲೇ ಕರ್ನಲ್‌ನಲ್ಲಿತ್ತು, ಫಲ ಸರಿಸುಮಾರು ಅದೇ: ಬರೆಯುವ ಹಕ್ಕಿಲ್ಲದ ಫೈಲ್‌ಗೆ ಬರೆಯುವುದು. ಒಂಬತ್ತು ವರ್ಷದ ಯಾವ ಕರ್ನಲ್ ಕೂಡ ಅದರಿಂದ ಪಾರಾಗಿರಲಿಲ್ಲ. ಹಳೆಯ ಕರ್ನಲ್‌ನಲ್ಲೂ ಹೊಸದರಲ್ಲೂ ಲೋಪಗಳಿವೆ. ದುರಸ್ತಿ ಬರುತ್ತಿರುವ ಸರಣಿಗೂ ದುರಸ್ತಿ ನಿಂತುಹೋದ ಸರಣಿಗೂ ಇರುವ ಅಂತರವೇ ಇಲ್ಲಿ ಮುಖ್ಯ.

ಲಾಗಿನ್ ಏನೂ ಬೇಡದ ಲೋಪಗಳೂ ಇವೆ. 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್ ಪ್ರಕಟಿಸಿದ ‘ಸ್ಯಾಕ್ ಪ್ಯಾನಿಕ್’ ಅಂಥದು. ಟಿಸಿಪಿಯಲ್ಲಿ ಬಂದು ತಲುಪಿದ ತುಣುಕುಗಳನ್ನು ತಿಳಿಸುವ ಸ್ಯಾಕ್ ಸಂದೇಶಗಳನ್ನು ಬೇಕೆಂದೇ ಒಂದು ಕ್ರಮದಲ್ಲಿ ಕಳಿಸಿದರೆ ದೂರದ ಸರ್ವರ್ ಪ್ಯಾನಿಕ್ ಆಗಿ ನಿಂತುಬಿಡುತ್ತಿತ್ತು. 2.6.29ರಿಂದ ಮುಂದಿನ ಕರ್ನಲ್‌ಗಳೆಲ್ಲ ಇದಕ್ಕೆ ತೆರೆದಿದ್ದವು.

ಪ್ರೊಸೆಸರ್‌ನ ತಪ್ಪನ್ನು ಕರ್ನಲ್ ಹೊತ್ತುಕೊಳ್ಳಬೇಕಾದ ಪ್ರಸಂಗ 2018ರ ಜನವರಿಯಲ್ಲಿ ಬಂತು. ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಲೋಪಗಳು ಇದ್ದದ್ದು ಸಿಲಿಕಾನ್‌ನಲ್ಲಿ. ಲಕ್ಷಾಂತರ ಸರ್ವರ್‌ಗಳ ಚಿಪ್ ಕಿತ್ತು ಬದಲಿಸಲಾಗದು. ಮೆಲ್ಟ್‌ಡೌನ್‌ಗೆ ಪರಿಹಾರವಾಗಿ ಪ್ರೋಗ್ರಾಂಗಳ ಪುಟಕೋಷ್ಟಕಗಳನ್ನೂ ಕರ್ನಲ್‌ನದನ್ನೂ ಬೇರ್ಪಡಿಸಲಾಯಿತು. ಇದರಿಂದ ಕರ್ನಲ್ ಒಳಗೆ ಹೋಗಿಬರುವ ಪ್ರತಿ ಸಲವೂ ಒಂದಿಷ್ಟು ಹೆಚ್ಚಿನ ಕೆಲಸ. ಡೇಟಾಬೇಸ್‌ನಂತೆ ಕರ್ನಲ್ ಅನ್ನು ಪದೇ ಪದೇ ಕರೆಯುವ ಪ್ರೋಗ್ರಾಂಗಳಿಗೆ ಅದು ಕಣ್ಣಿಗೆ ಕಾಣುವಷ್ಟು ಭಾರವಾಯಿತು. ಪಿಸಿಐಡಿ ಎಂಬ ಪ್ರೊಸೆಸರ್ ಸೌಲಭ್ಯವನ್ನು ಬಳಸಿಕೊಂಡರೆ ಈ ಭಾರ ಇಳಿಯುತ್ತದೆ, ಮುಖ್ಯ ಕರ್ನಲ್‌ಗೆ ಅದು ಸೇರಿದ್ದು 4.14ರಲ್ಲಿ. ಅದಿಲ್ಲದ ಹಳೆಯ ಸರಣಿಗಳಲ್ಲಿ ಅದೇ ದುರಸ್ತಿಗೆ ಹೆಚ್ಚು ಬೆಲೆ ತೆರಬೇಕಾಯಿತು. ಭದ್ರತೆಯ ಕಾರಣವೇ ಸರಣಿ ಬದಲಿಸುವ ಕಡೆಗೂ ವಾಲಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಯಾವ ದುರಸ್ತಿ ಮುಖ್ಯ, ಯಾವುದು ಅಮುಖ್ಯ ಎಂದು ಆರಿಸಿ ಹಾಕುವ ಅಭ್ಯಾಸ ಇಂದು ಉಳಿಯುವಂಥದಲ್ಲ. 2024ರ ಫೆಬ್ರವರಿಯಿಂದ ಲಿನಕ್ಸ್ ಕರ್ನಲ್ ಯೋಜನೆಯೇ ತನ್ನ ಲೋಪಗಳಿಗೆ ಸಿವಿಇ ಎಂಬ ಗುರುತಿನ ಸಂಖ್ಯೆ ಕೊಡುತ್ತಿದೆ. ಭದ್ರತೆಗೆ ಸಂಬಂಧ ಇರಬಹುದಾದ ದುರಸ್ತಿಗಳಿಗೆಲ್ಲ ಸಂಖ್ಯೆ ಸಿಗುವುದರಿಂದ ವರ್ಷಕ್ಕೆ ಅವು ಸಾವಿರಗಳ ಲೆಕ್ಕದಲ್ಲಿ ಬರುತ್ತಿವೆ. ಒಂದೊಂದನ್ನೂ ಓದಿ ನಮಗಿದು ಬೇಕೇ ಎಂದು ತೀರ್ಮಾನಿಸುವ ಪುರುಸೊತ್ತು ಯಾವ ತಂಡಕ್ಕೂ ಇರದು. ದಾಳಿಕೋರರಿಗೆ ಮಾತ್ರ ಆ ಪುರುಸೊತ್ತಿದೆ: ದುರಸ್ತಿಯ ಕೋಡ್ ಬಹಿರಂಗವಾಗಿರುವುದರಿಂದ ಅದನ್ನು ಓದಿ ಹಳೆಯ ಕರ್ನಲ್‌ನ ತೂತು ಎಲ್ಲಿದೆ ಎಂದು ಕಂಡುಕೊಳ್ಳಬಹುದು. ನೆಟ್‌ಫಿಲ್ಟರ್‌ನ ಎನ್‌ಎಫ್‌ಟೇಬಲ್ಸ್ ಭಾಗದ ಸಿವಿಇ-2024-1086 ಇದೇ ಹಾದಿ ಹಿಡಿಯಿತು. ದುರಸ್ತಿ ಬಂದದ್ದು ಜನವರಿಯಲ್ಲಿ, ರೂಟ್ ಆಗುವ ಕೋಡ್ ಬಹಿರಂಗವಾದದ್ದು ಮಾರ್ಚ್‌ನಲ್ಲಿ. ಮೇ ಕೊನೆಯ ಹೊತ್ತಿಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಅದನ್ನು ನಿಜವಾದ ದಾಳಿಗಳಲ್ಲಿ ಬಳಕೆಯಾಗುತ್ತಿರುವ ಲೋಪಗಳ ಪಟ್ಟಿಗೆ ಸೇರಿಸಿತು. ತಿಂಗಳಿಗೊಮ್ಮೆ ಕರ್ನಲ್ ಅಪ್‌ಡೇಟ್ ಹಾಕಿ ರೀಬೂಟ್ ಮಾಡುತ್ತಿದ್ದ ಸರ್ವರ್‌ಗೆ ಈ ಮೂರೂ ಸುದ್ದಿಗಳ ನಡುವೆ ಸಾಕಷ್ಟು ಸಮಯವಿತ್ತು.

ಭದ್ರತೆಯಷ್ಟು ಸದ್ದು ಮಾಡದ, ಆದರೆ ಅದರಷ್ಟೇ ತೂಕದ ಕಾರಣ ಡೇಟಾದ ಸುರಕ್ಷತೆ. ಡೇಟಾಬೇಸ್ ಒಂದು ವ್ಯವಹಾರ ಮುಗಿಯಿತು ಎಂದು ಹೇಳುವ ಮುನ್ನ, ಬರೆದದ್ದು ಡಿಸ್ಕ್ ತಲುಪಿತೇ ಎಂದು ಎಫ್‌ಸಿಂಕ್ ಮೂಲಕ ಕರ್ನಲ್ ಅನ್ನು ಕೇಳುತ್ತದೆ. 2018ರ ವಸಂತದಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಭಿವೃದ್ಧಿಗಾರರು ಈ ಉತ್ತರವನ್ನು ನಂಬುವಂತಿಲ್ಲ ಎಂದು ಕಂಡು ದಂಗಾದರು. ಡಿಸ್ಕಿಗೆ ಬರೆಯುವಾಗ ತಪ್ಪಾದರೆ ಹಳೆಯ ಕರ್ನಲ್‌ಗಳು ಅದನ್ನು ಫೈಲ್‌ಗೆ ಒಂದೇ ಒಂದು ಗುರುತಾಗಿ ಬರೆದಿಡುತ್ತಿದ್ದವು. ಮೊದಲು ಕೇಳಿದವರಿಗೆ ತಪ್ಪು ತಿಳಿಸಿ ಆ ಗುರುತನ್ನು ಅಳಿಸಿಬಿಡುತ್ತಿದ್ದವು. ಆಮೇಲೆ ಕೇಳಿದ ಪ್ರೊಸೆಸ್‌ಗೆ ಸಿಗುವ ಉತ್ತರ, ಎಲ್ಲ ಸರಿಯಾಗಿದೆ. ಬ್ಯಾಕಪ್ ಪ್ರೋಗ್ರಾಂ ಒಂದು ನಡುವೆ ಎಫ್‌ಸಿಂಕ್ ಮಾಡಿದ್ದರೆ ತಪ್ಪಿನ ಸುದ್ದಿ ಅದರ ಪಾಲಾಗಿ, ಡೇಟಾಬೇಸ್ ತನ್ನ ಮಾಹಿತಿ ಕ್ಷೇಮವಾಗಿದೆ ಎಂದೇ ನಂಬಿ ಮುಂದೆ ಹೋಗಬಹುದಿತ್ತು. 2017ರ 4.13ರಲ್ಲಿ ಈ ಲೆಕ್ಕವಿಡುವ ಕ್ರಮವನ್ನೇ ಬದಲಿಸಿ, ಫೈಲ್ ತೆರೆದಿಟ್ಟುಕೊಂಡ ಪ್ರತಿಯೊಬ್ಬರಿಗೂ ತಪ್ಪು ತಲುಪುವಂತೆ ಮಾಡಲಾಯಿತು. ಉಳಿದರ್ಧ ದುರಸ್ತಿ ಪೋಸ್ಟ್‌ಗ್ರೆಸ್‌ನ ಕಡೆಯಿಂದಲೇ ಆಗಬೇಕಾಯಿತು: 2019ರ ಫೆಬ್ರವರಿಯ 11.2ರಿಂದ, ಎಫ್‌ಸಿಂಕ್ ವಿಫಲವಾದರೆ ಅದು ಮತ್ತೆ ಕೇಳುತ್ತ ಕೂರದೆ ತಕ್ಷಣ ನಿಂತು, ಲಾಗ್‌ನಿಂದ ಚೇತರಿಸಿಕೊಳ್ಳುತ್ತದೆ. ಹಣದ ಲೆಕ್ಕವನ್ನೋ ರೋಗಿಗಳ ದಾಖಲೆಯನ್ನೋ ಇಟ್ಟುಕೊಂಡ ಸರ್ವರ್‌ಗೆ, ವೇಗದ ಯಾವ ಭರವಸೆಗಿಂತಲೂ ಈ ಒಂದು ಬದಲಾವಣೆ ದೊಡ್ಡದು.

ವರ್ಷಗಟ್ಟಲೆ ರೀಬೂಟ್ ಆಗದ ಸರ್ವರ್ ಬಗ್ಗೆ ಅದನ್ನು ನೋಡಿಕೊಳ್ಳುವವರಿಗೆ ಒಂದು ಹೆಮ್ಮೆ ಇರುತ್ತದೆ. ಕರ್ನಲ್‌ನ ಇತಿಹಾಸ ಆ ಹೆಮ್ಮೆಯನ್ನು ಬೆಂಬಲಿಸುವುದಿಲ್ಲ. 2.6.32ರ ಕಾಲದ ಕೆಲವು ಕರ್ನಲ್‌ಗಳಲ್ಲಿ, ಪ್ರೊಸೆಸರ್‌ನ ಗಡಿಯಾರದ ಎಣಿಕೆಯನ್ನು ನ್ಯಾನೊಸೆಕೆಂಡಿಗೆ ಬದಲಿಸುವ ಗುಣಾಕಾರ 64 ಬಿಟ್‌ಗಳ ಮಿತಿಯನ್ನು ಮೀರುತ್ತಿತ್ತು. ಮೀರಲು ಬೇಕಾಗಿದ್ದದ್ದು 2ರ 54ನೇ ಘಾತದಷ್ಟು ನ್ಯಾನೊಸೆಕೆಂಡು, ಅಂದರೆ 208 ದಿನ 12 ಗಂಟೆ. ಒಂದೇ ದಿನ ಆರಂಭಿಸಿದ ಸರ್ವರ್‌ಗಳು ಏಳು ತಿಂಗಳ ಬಳಿಕ ಒಂದೇ ದಿನ ಕುಸಿಯುವ ವಿಚಿತ್ರ ಹೀಗೆ ನಡೆಯಿತು. ಅದಕ್ಕೂ ಹಿಂದಿನ 32 ಬಿಟ್ ಕರ್ನಲ್‌ಗಳಲ್ಲಿ ಸೆಕೆಂಡಿಗೆ ನೂರರಂತೆ ಏರುವ ಎಣಿಕೆ 497 ದಿನಕ್ಕೆ ಸೊನ್ನೆಗೆ ಮರಳುತ್ತಿತ್ತು. 2012ರ ಜೂನ್ 30ರಂದು ಸೇರಿಸಿದ ಅಧಿಕ ಸೆಕೆಂಡ್ ಕೂಡ ಕರ್ನಲ್‌ನ ಟೈಮರ್‌ಗಳನ್ನು ಗೊಂದಲಕ್ಕೆ ಕೆಡವಿ, ಜಾವಾ ಮತ್ತು ಮೈಎಸ್‌ಕ್ಯೂಎಲ್ ಓಡುತ್ತಿದ್ದ ಸರ್ವರ್‌ಗಳ ಪ್ರೊಸೆಸರ್‌ಗಳನ್ನು ಪೂರ್ತಿ ಬಿಸಿ ಮಾಡಿತ್ತು. ಎಂಟು ತಿಂಗಳಿಂದ ನಿಲ್ಲದೆ ಓಡುತ್ತಿರುವ ಯಂತ್ರ ಎಂದರೆ, ಎಂಟು ತಿಂಗಳ ಕರ್ನಲ್ ದುರಸ್ತಿಗಳು ಬಹುಮಟ್ಟಿಗೆ ಒಳಸೇರದ ಯಂತ್ರ.

ಕಾಲಕ್ಕೆ ಸಂಬಂಧಿಸಿದ ಇನ್ನೊಂದು ಗಡುವು ಮುಂದಿದೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ವ್ಯವಸ್ಥೆಗಳ ಎಣಿಕೆ 2038ರ ಜನವರಿ 19ಕ್ಕೆ ಮುಗಿಯುತ್ತದೆ. 64 ಬಿಟ್ ಸರ್ವರ್‌ಗಳ ಕರ್ನಲ್‌ಗೆ ಇದು ನೇರವಾಗಿ ತಟ್ಟದು. 32 ಬಿಟ್ ಯಂತ್ರಗಳಿಗೆ ಬೇಕಾದ ಬದಲಾವಣೆ 2020ರ 5.6ರಲ್ಲಿ ಪೂರ್ಣಗೊಂಡಿತು. ಫೈಲ್ ಸಿಸ್ಟಂಗಳ ವಿಷಯ ಬೇರೆ. ಎಕ್ಸ್‌ಎಫ್‌ಎಸ್‌ನಲ್ಲಿ ಫೈಲ್‌ಗಳ ದಿನಾಂಕ 2038ನ್ನು ದಾಟಿ 2486ರವರೆಗೆ ಹೋಗುವ ಸೌಲಭ್ಯ ಬಂದದ್ದು 5.10ರಲ್ಲಿ. ಹದಿನೈದು ವರ್ಷದ ಅವಧಿಯ ದಾಖಲೆಗಳನ್ನು ಈಗಲೇ ಇಡುತ್ತಿರುವ ಸಂಸ್ಥೆಗಳಿಗೆ ಇದು ದೂರದ ಮಾತಲ್ಲ.

ಹಾರ್ಡ್‌ವೇರ್‌ನ ಕಾರಣ ಸರಳ. ಹೊಸ ಸರ್ವರ್ ಖರೀದಿಸಿ ಹಳೆಯ ಡಿಸ್ಟ್ರಿಬ್ಯೂಷನ್ ಹಾಕಲು ಹೊರಟರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುವುದಿಲ್ಲ, ಅಥವಾ ನೆಟ್‌ವರ್ಕ್ ಕಾರ್ಡ್ ಎಚ್ಚರವಾಗುವುದಿಲ್ಲ. ಆಗ ವಾದಕ್ಕೇ ಅವಕಾಶವಿಲ್ಲ. ಕಂಡರೂ ಪೂರ್ತಿ ಬಳಕೆಯಾಗದ ಸ್ಥಿತಿ ಇನ್ನೊಂದು. ತಿರುಗುವ ಡಿಸ್ಕ್ ಸೆಕೆಂಡಿಗೆ ನೂರಿನ್ನೂರು ಬೇಡಿಕೆಗಳನ್ನಷ್ಟೇ ಪೂರೈಸುತ್ತಿದ್ದ ಕಾಲದಲ್ಲಿ ಕರ್ನಲ್ ಎಲ್ಲ ಬೇಡಿಕೆಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ತೊಂದರೆಯಿರಲಿಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಬೇಡಿಕೆ ಪೂರೈಸುವ ಎನ್‌ವಿಎಂಇ ಡಿಸ್ಕ್‌ಗಳು ಬಂದಾಗ ಆ ಒಂದು ಸಾಲಿನ ಬೀಗಕ್ಕಾಗಿ ಪ್ರೊಸೆಸರ್‌ಗಳೇ ಕಿತ್ತಾಡತೊಡಗಿದವು. ಎನ್‌ವಿಎಂಇ ಡ್ರೈವರ್ 2012ರ 3.3ರಲ್ಲಿ ಬಂತು, ಪ್ರತಿ ಪ್ರೊಸೆಸರ್‌ಗೆ ಪ್ರತ್ಯೇಕ ಸಾಲು ಕೊಡುವ ಬಹುಸಾಲು ವ್ಯವಸ್ಥೆ 2014ರ 3.13ರಲ್ಲಿ.

ವೇಗದ ಹೆಸರಿನಲ್ಲಿ ಸರಣಿ ಬದಲಿಸುವಾಗ ಹೆಚ್ಚು ವಿವೇಚನೆ ಬೇಕು, ಏಕೆಂದರೆ ಲಾಭ ಆ ಸರ್ವರ್ ಮಾಡುವ ಕೆಲಸವನ್ನೇ ಅವಲಂಬಿಸಿದೆ. ಟಿಸಿಪಿಯಲ್ಲಿ ಕಳಿಸುವ ವೇಗವನ್ನು ನಿಯಂತ್ರಿಸಲು ಗೂಗಲ್ ರೂಪಿಸಿದ ಬಿಬಿಆರ್ ಕ್ರಮ 2016ರ 4.9ರಲ್ಲಿ ಸೇರಿತು. ಅದಕ್ಕೂ ಮೊದಲಿನಿಂದ ಇದ್ದ ಕ್ಯೂಬಿಕ್ ಕ್ರಮ, ಒಂದು ಪ್ಯಾಕೆಟ್ ಕಳೆದುಹೋದರೆ ದಾರಿ ಕಿಕ್ಕಿರಿದಿದೆ ಎಂದು ಬಗೆದು ವೇಗ ತಗ್ಗಿಸುತ್ತದೆ. ಬಿಬಿಆರ್ ದಾರಿಯ ಅಗಲವನ್ನೂ ಹೋಗಿಬರುವ ಸಮಯವನ್ನೂ ಅಂದಾಜು ಮಾಡುತ್ತ ಹೋಗುತ್ತದೆ. ದೂರದ ಬಳಕೆದಾರರಿಗೆ, ಪ್ಯಾಕೆಟ್ ಕಳೆಯುವುದು ಮಾಮೂಲಾದ ಮೊಬೈಲ್ ನೆಟ್‌ವರ್ಕ್‌ಗಳಿಗೆ ವಿಡಿಯೊ ಕಳಿಸುವ ಸರ್ವರ್‌ಗೆ ಇದು ದೊಡ್ಡ ಲಾಭ; ಒಂದೇ ಕೋಣೆಯೊಳಗೆ ಮಾತಾಡಿಕೊಳ್ಳುವ ಡೇಟಾಬೇಸ್‌ಗಳಿಗೆ ಹೇಳಿಕೊಳ್ಳುವಂಥದೇನೂ ಇಲ್ಲ. 2007ರಿಂದ ಇದ್ದ ಸಿಎಫ್‌ಎಸ್ ಶೆಡ್ಯೂಲರ್‌ನ ಜಾಗಕ್ಕೆ 6.6ರಲ್ಲಿ ಇಇವಿಡಿಎಫ್ ಬಂತು. ಯಾವ ಪುಟವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆಯುವ ಹೊಸ ಕ್ರಮ 6.1ರಲ್ಲಿ ಬಂತು. ಇಂಥವುಗಳಿಂದ ಕೆಲವು ಕೆಲಸಗಳು ಚುರುಕಾಗುತ್ತವೆ, ಕೆಲವು ಇದ್ದಲ್ಲೇ ಇರುತ್ತವೆ, ಅಪರೂಪಕ್ಕೆ ಕೆಲವು ನಿಧಾನವಾಗುತ್ತವೆ. ಇನ್ನೊಬ್ಬರ ಬೆಂಚ್‌ಮಾರ್ಕ್ ನೋಡಿ ತೀರ್ಮಾನಿಸದೆ ತಮ್ಮ ಸರ್ವರ್‌ನ ನಿಜವಾದ ಹೊರೆಯನ್ನೇ ಹೊಸ ಕರ್ನಲ್ ಮೇಲೆ ಓಡಿಸಿ ಅಳೆಯುವುದೊಂದೇ ದಾರಿ.

ಸೌಲಭ್ಯಗಳ ಕಾರಣಕ್ಕೆ ಇತ್ತೀಚಿನ ವರ್ಷಗಳಲ್ಲಿ ಬಲ ಬಂದದ್ದು ಕಂಟೇನರ್‌ಗಳಿಂದ. ಡಾಕರ್, ಕುಬರ್‌ನೆಟಿಸ್‌ಗಳು ನಿಂತಿರುವುದೇ ಕರ್ನಲ್‌ನ ನೇಮ್‌ಸ್ಪೇಸ್, ಸಿಗ್ರೂಪ್, ಓವರ್‌ಲೇ ಫೈಲ್ ಸಿಸ್ಟಂಗಳ ಮೇಲೆ. ಸಿಗ್ರೂಪ್‌ನ ಎರಡನೆಯ ಆವೃತ್ತಿ 2016ರ 4.5ರಲ್ಲಿ ಅಧಿಕೃತವಾಯಿತು, ಹೊಸ ಉಪಕರಣಗಳು ಈಗ ಅದನ್ನೇ ನಿರೀಕ್ಷಿಸುತ್ತವೆ. ಮೆಮೊರಿ, ಪ್ರೊಸೆಸರ್, ಡಿಸ್ಕ್‌ಗಳಿಗಾಗಿ ಪ್ರೊಸೆಸ್‌ಗಳು ಎಷ್ಟು ಹೊತ್ತು ಕಾಯುತ್ತಿವೆ ಎಂದು ನೇರವಾಗಿ ಅಳೆದು ಕೊಡುವ ಪಿಎಸ್‌ಐ 4.20ರಲ್ಲಿ ಬಂತು, ಲೋಡ್ ಆವರೇಜ್ ನೋಡಿ ಊಹೆ ಮಾಡುತ್ತಿದ್ದವರಿಗೆ ಇದು ನಿಜವಾದ ವರದಾನ. ವೈರ್‌ಗಾರ್ಡ್ ವಿಪಿಎನ್ 5.6ರಿಂದ ಕರ್ನಲ್‌ನ ಭಾಗ. ಎಲ್ಲಕ್ಕಿಂತ ದೂರಗಾಮಿಯಾದದ್ದು ಇಬಿಪಿಎಫ್: ಓಡುತ್ತಿರುವ ಕರ್ನಲ್‌ನೊಳಗೆ ಸಣ್ಣ, ಪರಿಶೀಲಿಸಿದ ಪ್ರೋಗ್ರಾಂಗಳನ್ನು ಸೇರಿಸಿ ಏನು ನಡೆಯುತ್ತಿದೆ ಎಂದು ನೋಡುವ ವ್ಯವಸ್ಥೆ. ಅದು ಆಸರೆ ಪಡೆಯುವ ಕೆಪ್ರೋಬ್ಸ್ ಎಂಬ ಹಳೆಯ ಸೌಲಭ್ಯ 2004ರಲ್ಲಿ ಕರ್ನಲ್ ಸೇರಿದಾಗ ಐಬಿಎಂನ ಬೆಂಗಳೂರಿನ ಲಿನಕ್ಸ್ ತಂಡದ ಎಂಜಿನಿಯರುಗಳು ಅದರಲ್ಲಿ ಪ್ರಮುಖವಾಗಿ ದುಡಿದಿದ್ದರು.

ಇವೆಲ್ಲ ಇಲ್ಲದಿದ್ದರೂ ಸರಣಿ ಬದಲಿಸಲೇಬೇಕಾದ ದಿನವೊಂದು ಬರುತ್ತದೆ: ಬೆಂಬಲ ಮುಗಿಯುವ ದಿನ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ನಿಂತಿತು. ಅದರ 3.10 ಕರ್ನಲ್ ಮರುದಿನವೂ ಹಿಂದಿನಂತೆಯೇ ಓಡಿತು, ಆದರೆ ಆಮೇಲೆ ಕಂಡುಬಂದ ಲೋಪಗಳಿಗೆ ಅದರ ಬಳಕೆದಾರರಿಗೆ ಸಾರ್ವಜನಿಕವಾಗಿ ದುರಸ್ತಿ ಬರುತ್ತಿಲ್ಲ. ಕಾರ್ಡ್ ಪಾವತಿ ನಿರ್ವಹಿಸುವವರಿಗೆ ಪಿಸಿಐ ಡಿಎಸ್‌ಎಸ್ ನಿಯಮದಂತೆ ಅತಿಗಂಭೀರ ಲೋಪಗಳ ದುರಸ್ತಿಯನ್ನು ಒಂದು ತಿಂಗಳೊಳಗೆ ಹಾಕುವ ಕಟ್ಟುಪಾಡಿದೆ. ಭಾರತದಲ್ಲಿ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟುಕೊಂಡಿರಬೇಕು. ದಾಳಿಯ ನಂತರ ಲಾಗ್ ನೋಡಲು ಕೂತಾಗ, ರೂಟ್ ಹಕ್ಕು ಪಡೆದವನು ಆ ಲಾಗ್‌ಗಳನ್ನೇ ತಿದ್ದಿರಬಹುದೆಂಬ ಸಂಶಯ ಎದುರಾಗುವುದು ಹಳೆಯ ಕರ್ನಲ್‌ನ ಬೆಲೆಯ ಒಂದು ಭಾಗ. ಹಿಂದೆ ಬಿದ್ದಷ್ಟೂ ಮುಂದಿನ ಜಿಗಿತ ದೊಡ್ಡದಾಗುತ್ತದೆ ಎಂಬುದೂ ನಿಜ. 5.14ರಿಂದ 6.12ಕ್ಕೆ ಹೋಗುವುದು ಒಂದು ಯೋಜನೆ; 3.10ರಿಂದ ಅಲ್ಲಿಗೆ ಹೋಗುವುದು ಸಿಗ್ರೂಪ್, ಫೈರ್‌ವಾಲ್, ಡ್ರೈವರ್, ನೆಟ್‌ವರ್ಕ್ ಇಂಟರ್‌ಫೇಸ್‌ಗಳ ಹೆಸರು ಎಲ್ಲವನ್ನೂ ಒಟ್ಟಿಗೆ ಎದುರಿಸುವ ಕೆಲಸ.

ಅಪ್‌ಗ್ರೇಡ್ ಬೇಡವೆನ್ನುವವರ ಭಯಕ್ಕೂ ಆಧಾರವಿದೆ. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12.3 ಬಿಡುಗಡೆಯಾಗುತ್ತಿದ್ದಂತೆ, ಅದರಲ್ಲಿದ್ದ 6.1.64 ಕರ್ನಲ್ ಎಕ್ಸ್ಟ್4 ಫೈಲ್ ಸಿಸ್ಟಂನ ಡೇಟಾ ಕೆಡಿಸಬಹುದೆಂದು ಗೊತ್ತಾಯಿತು. ಬೇರೊಂದು ಬದಲಾವಣೆಯ ಜೊತೆ ಬರಬೇಕಿದ್ದ ದುರಸ್ತಿಯೊಂದು ಒಂಟಿಯಾಗಿ ಬ್ಯಾಕ್‌ಪೋರ್ಟ್ ಆಗಿದ್ದೇ ಕಾರಣ. ಡೆಬಿಯನ್ ಅದನ್ನು ತಡೆದು ಬೆನ್ನಲ್ಲೇ 12.4 ಹೊರತಂದಿತು. ಸಣ್ಣ ಅಪ್‌ಡೇಟ್ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಬಂದ ಗಳಿಗೆಯಲ್ಲೇ ಎಲ್ಲ ಸರ್ವರ್‌ಗಳಿಗೂ ಹಾಕದೆ ಒಂದೆರಡರ ಮೇಲೆ ಕೆಲವು ದಿನ ಓಡಿಸಿ ನೋಡಬೇಕು ಎನ್ನುವುದು ಇದಕ್ಕಾಗಿಯೇ. ಹೊಸ ಸೌಲಭ್ಯವೇ ಹೊಸ ತೂತಾಗುವುದೂ ಇದೆ. 2019ರ 5.1ರಲ್ಲಿ ಬಂದ ಐಒ ಯೂರಿಂಗ್ ಡಿಸ್ಕ್ ಕೆಲಸವನ್ನು ಬಹಳ ಚುರುಕುಗೊಳಿಸಿತು. ಆದರೆ ಲೋಪ ತೋರಿಸಿಕೊಟ್ಟವರಿಗೆ ಗೂಗಲ್ ಕೊಡುವ ಬಹುಮಾನದ ಯೋಜನೆಗೆ ಬಂದ ಕರ್ನಲ್ ದಾಳಿಗಳಲ್ಲಿ ಶೇ. 60ರಷ್ಟು ಅದನ್ನೇ ಬಳಸಿದ್ದವು; 2023ರಲ್ಲಿ ಆ ಸಂಸ್ಥೆ ತನ್ನ ಸರ್ವರ್‌ಗಳಲ್ಲಿ ಅದನ್ನು ನಿಲ್ಲಿಸಿದ್ದಾಗಿ ತಿಳಿಸಿತು.

ಹೊಸ ಕರ್ನಲ್ ಹಾಕಿದರೆ ಹಳೆಯ ಪ್ರೋಗ್ರಾಂಗಳು ಓಡವು ಎಂಬ ಭಯ ಮಾತ್ರ ಬಹುಮಟ್ಟಿಗೆ ಅಕಾರಣ. ಓಡುತ್ತಿದ್ದ ಪ್ರೋಗ್ರಾಂ ಅನ್ನು ಕರ್ನಲ್ ಬದಲಾವಣೆ ಕೆಡಿಸಬಾರದು ಎಂಬ ನಿಯಮವನ್ನು ಟೊರ್ವಾಲ್ಡ್ಸ್ ಬಲು ಕಟ್ಟುನಿಟ್ಟಾಗಿ ಕಾಯ್ದುಕೊಂಡು ಬಂದಿದ್ದಾರೆ. ಆ ರಕ್ಷಣೆ ಇಲ್ಲದಿರುವುದು ಕರ್ನಲ್‌ನೊಳಗೆ ಸೇರಿಕೊಳ್ಳುವ ಹೊರಗಿನ ಮಾಡ್ಯೂಲ್‌ಗಳಿಗೆ: ಜಿಪಿಯು ಡ್ರೈವರ್, ಸ್ಟೋರೇಜ್ ಕಾರ್ಡ್‌ನ ಡ್ರೈವರ್, ಕೆಲವು ಭದ್ರತಾ ಏಜೆಂಟ್‌ಗಳು. ಅಪ್‌ಗ್ರೇಡ್ ಮುರಿಯುವುದು ಹೆಚ್ಚಾಗಿ ಅಲ್ಲೇ. ಹೊಸ ಕರ್ನಲ್‌ಗೆ ತಕ್ಕಂತೆ ಆ ಮಾಡ್ಯೂಲ್ ಕಂಪೈಲ್ ಆಗಿದೆಯೇ, ಇನಿಟ್‌ರ್ಯಾಮ್‌ಎಫ್‌ಎಸ್ ಒಳಗೆ ಡಿಸ್ಕ್ ಡ್ರೈವರ್ ಸೇರಿದೆಯೇ, ಬೂಟ್ ವಿಭಾಗದಲ್ಲಿ ಹಳೆಯ ಕರ್ನಲ್‌ಗಳು ತುಂಬಿ ಜಾಗವಿಲ್ಲದೆ ಅರ್ಧಕ್ಕೇ ನಿಂತಿದೆಯೇ ಎಂದು ರೀಬೂಟ್‌ಗೆ ಮುನ್ನವೇ ನೋಡಿಕೊಳ್ಳಬೇಕು. ವ್ಯವಹಾರದ ತಂತ್ರಾಂಶಗಳ ಮಾರಾಟಗಾರರು ಇಂಥದೇ ಕರ್ನಲ್‌ಗೆ ಪ್ರಮಾಣಪತ್ರ ಕೊಟ್ಟಿರುತ್ತಾರಾದ್ದರಿಂದ, ಡಿಸ್ಟ್ರಿಬ್ಯೂಷನ್‌ನ ಕರ್ನಲ್ ಬಿಟ್ಟು ಹೊಚ್ಚಹೊಸದನ್ನು ಹೊರಗಿನಿಂದ ತಂದು ಹಾಕಿದರೆ ಅವರ ಬೆಂಬಲ ತಪ್ಪಿಹೋಗಬಹುದು.

ಓಡುತ್ತಿರುವ ಕರ್ನಲ್ ಅನ್ನೇ ದುರಸ್ತಿ ಮಾಡುವ ಲೈವ್ ಪ್ಯಾಚಿಂಗ್ ಈಗ ಹಲವು ಕಡೆ ಇದೆ. ಎಂಐಟಿಯಲ್ಲಿ ಹುಟ್ಟಿದ ಕೆಸ್ಪ್ಲೈಸ್ ಅನ್ನು 2011ರಲ್ಲಿ ಒರಾಕಲ್ ಕೊಂಡುಕೊಂಡಿತು. ರೆಡ್ ಹ್ಯಾಟ್ ಮತ್ತು ಸೂಸೆ 2014ರಲ್ಲಿ ಹೊರತಂದ ಎರಡು ಪದ್ಧತಿಗಳ ಸಮಾನ ತಳಹದಿ 2015ರ 4.0ರಲ್ಲಿ ಕರ್ನಲ್ ಸೇರಿತು. ತಪ್ಪಿರುವ ಫಂಕ್ಷನ್‌ಗೆ ಕರೆ ಬಂದಾಗ ಅದನ್ನು ತಿರುಗಿಸಿ ದುರಸ್ತಿಯಾದ ಫಂಕ್ಷನ್‌ಗೆ ಕಳಿಸುವುದು ಇದರ ಬಗೆ. ಒಂದೆರಡು ಫಂಕ್ಷನ್‌ಗಳ ಭದ್ರತಾ ದುರಸ್ತಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಮೆಮೊರಿಯಲ್ಲಿ ಆಗಲೇ ಇರುವ ಮಾಹಿತಿಯ ರಚನೆಯೇ ಬದಲಾಗಬೇಕಾದಾಗ ಬಹಳ ಕಷ್ಟ. ಅದು ರೀಬೂಟನ್ನು ಅನುಕೂಲದ ದಿನಕ್ಕೆ ಮುಂದೂಡುತ್ತದೆ, ಕೈಬಿಡಿಸುವುದಿಲ್ಲ.

ಅಪ್‌ಡೇಟ್ ಹಾಕಿದ್ದರೂ ರೀಬೂಟ್ ಆಗದ ಸರ್ವರ್‌ಗಳು ತನಿಖೆಗಳಲ್ಲಿ ಪದೇ ಪದೇ ಸಿಗುತ್ತವೆ. ಪ್ಯಾಕೇಜ್ ಪಟ್ಟಿಯಲ್ಲಿ ಹೊಸ ಕರ್ನಲ್ ಇರುತ್ತದೆ, ಡಿಸ್ಕಿನಲ್ಲೂ ಇರುತ್ತದೆ, ಮೆಮೊರಿಯಲ್ಲಿ ಓಡುತ್ತಿರುವುದು ಆರು ತಿಂಗಳ ಹಿಂದಿನದು. ಯುನೇಮ್ ಕಮಾಂಡ್ ತೋರಿಸುವ ಆವೃತ್ತಿಯನ್ನೇ ನಂಬಬೇಕು. ಒಂದೇ ಕೆಲಸವನ್ನು ಹಲವು ಸರ್ವರ್‌ಗಳು ಹಂಚಿಕೊಂಡಿದ್ದರೆ ಒಂದೊಂದನ್ನೇ ಲೋಡ್ ಬ್ಯಾಲೆನ್ಸರ್‌ನಿಂದ ಬಿಡಿಸಿ ರೀಬೂಟ್ ಮಾಡುತ್ತ ಹೋಗಬಹುದು, ಬಳಕೆದಾರರಿಗೆ ಗೊತ್ತೇ ಆಗದು. ಒಂಟಿ ಸರ್ವರ್‌ಗೆ ಬೂಟ್ ಲೋಡರ್ ಗ್ರಬ್‌ನಲ್ಲಿ ಒಂದು ಒಳ್ಳೆಯ ಉಪಾಯವಿದೆ: ಹಳೆಯ ಕರ್ನಲ್ ಅನ್ನೇ ಖಾಯಂ ಆಯ್ಕೆಯಾಗಿಟ್ಟು, ಮುಂದಿನ ಒಂದು ಬೂಟ್‌ಗೆ ಮಾತ್ರ ಹೊಸದನ್ನು ಆರಿಸಿ, ಪ್ಯಾನಿಕ್ ಆದರೆ ಹತ್ತು ಸೆಕೆಂಡಿಗೆ ತಾನೇ ರೀಬೂಟ್ ಆಗುವಂತೆ ಸೂಚನೆ ಕೊಡುವುದು. ಹೊಸ ಕರ್ನಲ್ ಪ್ಯಾನಿಕ್ ಆಗಿ ಬಿದ್ದರೆ ಸರ್ವರ್ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ, ನಡುರಾತ್ರಿ ಡೇಟಾ ಸೆಂಟರ್‌ಗೆ ಓಡುವುದು ತಪ್ಪುತ್ತದೆ. ಸರಿಯಾಗಿ ಎದ್ದರೆ ಡಿಮೆಸೇಜ್‌ನಲ್ಲಿ ಹೊಸ ದೂರುಗಳಿವೆಯೇ, ಡಿಸ್ಕ್ ಮತ್ತು ನೆಟ್‌ವರ್ಕ್ ಮೊದಲಿನ ವೇಗದಲ್ಲಿವೆಯೇ, ಸಿಸ್‌ಎಫ್‌ಎಸ್‌ನಲ್ಲಿ ಪ್ರೊಸೆಸರ್ ಲೋಪಗಳ ಪಟ್ಟಿ ಪ್ರತಿಯೊಂದಕ್ಕೂ ಪರಿಹಾರ ಇದೆಯೆಂದು ತೋರಿಸುತ್ತಿದೆಯೇ ಎಂದು ನೋಡಿ, ಒಂದೆರಡು ವಾರ ನಿಜವಾದ ಹೊರೆಯಲ್ಲಿ ಓಡಿದ ಮೇಲೆ ಹಳೆಯ ಕರ್ನಲ್ ಅನ್ನು ತೆಗೆದು, ಹೊಸದನ್ನು ಖಾಯಂ ಮಾಡಬಹುದು.